ಮಂಡಕ್ಕಿ, ಮಿರ್ಚಿ, ಮೊಬೈಲ್ ಪರದೆ: ಪುಕ್ಕಟೆ ಯುಎಕ್ಸ್ ಮೀಟಪ್‌ಗೆ ಹನ್ನೆರಡು ಸೂತ್ರಗಳು

ಯುಎಕ್ಸ್ ಡಿಸೈನ್ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡದೊಳಗಿನ ಕಸುಬು ಎಂದು ನಂಬಿದವರನ್ನು ಒಂದು ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕರೆತರಬೇಕು. ಕೆಂಪು ರಾಶಿಗಳ ನಡುವೆ ಒಬ್ಬ ರೈತ ನಿಂತಿರುತ್ತಾನೆ. ತನ್ನ ಲಾಟಿಗೆ ಬಿದ್ದ ದರ ಎಷ್ಟೆಂದು ತಿಳಿಯಲು ಬೇರೆ ಯಾರದೋ ಫೋನಿನತ್ತ ಕತ್ತು ಚಾಚುತ್ತಾನೆ. 'ಎಷ್ಟಾತ್ರೀ ನಂದು?' ಎಂದು ಕೇಳುತ್ತಾನೆ. ವರ್ಷದ ದುಡಿಮೆಯ ಬೆಲೆ ಒಂದು ಪರದೆಯ ಮೇಲಿದೆ, ಆ ಪರದೆ ಅವನ ಕಡೆ ಮುಖ ಮಾಡಿಲ್ಲ.

ಯುಎಕ್ಸ್, ಅಂದರೆ 'ಬಳಕೆದಾರರ ಅನುಭವ' ಎಂಬ ಮಾತನ್ನು ಡಾನ್ ನಾರ್ಮನ್ 1993ರ ಸುಮಾರಿಗೆ ಆಪಲ್ ಕಂಪನಿಯಲ್ಲಿ ಹುದ್ದೆಯ ಹೆಸರಾಗಿ ಬಳಕೆಗೆ ತಂದರು. ಈಗ ಹಾವೇರಿ ಜಿಲ್ಲೆಯಲ್ಲೂ ಆ ಕೆಲಸ ಮಾಡುವವರಿದ್ದಾರೆ. ಮನೆಯ ಪಡಸಾಲೆಯಲ್ಲಿ ಕೂತು ದೂರದ ಕಂಪನಿಗೆ ದುಡಿಯುವವರು, ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ರಾಣೆಬೆನ್ನೂರಿನ ತರಳಬಾಳು ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದಿ ಈ ದಾರಿ ಹಿಡಿಯಬೇಕೆನ್ನುವವರು. ಅವರೆಲ್ಲ ತಿಂಗಳಿಗೊಮ್ಮೆ ಒಂದೆಡೆ ಸೇರುವುದಕ್ಕೆ ದುಡ್ಡು ಬೇಕಿಲ್ಲ, ಒಂದಿಷ್ಟು ಶಿಸ್ತು ಬೇಕು. ಬೆಂಗಳೂರಿನ ಮೀಟಪ್‌ನ ನಕಲು ಇಲ್ಲಿ ಎರಡನೇ ತಿಂಗಳಿಗೇ ಸಪ್ಪಗಾಗುತ್ತದೆ. ಇಲ್ಲಿನ ಪೇಟೆ, ಬಸ್ ನಿಲ್ದಾಣ, ಬೀಜದಂಗಡಿಗಳನ್ನೇ ಪಾಠದ ಕೋಣೆ ಮಾಡಿಕೊಂಡ ಕೂಟ ಮಾತ್ರ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಈ ಪಟ್ಟಿ.

1. ಹೆಸರು ಕೇಳಿದ ಕೂಡಲೇ ತಿಳಿಯಬೇಕು

'ಯುಎಕ್ಸ್' ಎಂದು ಬರೆದು ಅಂಟಿಸಿದರೆ ಈಗಾಗಲೇ ಗೊತ್ತಿದ್ದವರು ಮಾತ್ರ ಬರುತ್ತಾರೆ. 'ಆ್ಯಪ್ ಬಳಸುವಾಗ ಜನ ಎಲ್ಲಿ ಎಡವುತ್ತಾರೆ, ನೋಡೋಣ ಬನ್ನಿ' ಎಂದು ಬರೆಯಿರಿ. ಆಗ ಮದುವೆ ಕಾರ್ಡು ಹೊಂದಿಸುವ ಡಿಟಿಪಿಯವರು, ಫ್ಲೆಕ್ಸ್ ಅಂಗಡಿಯ ಹುಡುಗರು, ಗ್ರಾಮ ಒನ್ ಕೇಂದ್ರ ನಡೆಸುವವರೂ ತಮ್ಮನ್ನು ಕರೆದಿದ್ದಾರೆ ಎಂದುಕೊಳ್ಳುತ್ತಾರೆ. ಗ್ರಾಮ ಒನ್ ಕೌಂಟರಿನಲ್ಲಿ ಕೂತವರಂತೂ ದಿನವಿಡೀ ಜನರ ತಡವರಿಕೆಯನ್ನು ಕಣ್ಣಾರೆ ನೋಡುವವರು. ಅವರಿಗಿರುವ ತಿಳಿವಳಿಕೆ ದೊಡ್ಡ ಕಂಪನಿಯ ಸಂಶೋಧಕರಿಗೂ ಸುಲಭಕ್ಕೆ ದಕ್ಕುವುದಿಲ್ಲ.

2. ಮೂರು ಊರು, ಮೂವರು, ಪಾಳಿಯ ಮೇಲೆ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ದಾವಣಗೆರೆ ರೈಲು ದಾರಿಯ ಮೇಲಿವೆ. ಹೆದ್ದಾರಿ 48 ಹಾವೇರಿ, ರಾಣೆಬೆನ್ನೂರುಗಳನ್ನು ನೇರ ಮುಟ್ಟುತ್ತದೆ, ಬ್ಯಾಡಗಿಗೆ ಮೋಟೆಬೆನ್ನೂರಿನ ಹತ್ತಿರ ತಿರುಗಬೇಕು. (ಗಾಂಧೀಜಿಯ ಜೊತೆ 1930ರಲ್ಲಿ ದಂಡಿಗೆ ನಡೆದ ಮೈಲಾರ ಮಹದೇವಪ್ಪನವರ ಊರು ಅದು. ಬಸ್ಸು ತಪ್ಪಿತೆಂದು ಕೂಟ ತಪ್ಪಿಸುವವರಿಗೆ ಈ ಮಾತನ್ನು ನೆನಪಿಸಬಹುದು.) ಒಂದೊಂದು ಊರಿಗೆ ಒಬ್ಬರು ಹೊಣೆಗಾರರಿರಲಿ. ಈ ತಿಂಗಳು ಹಾವೇರಿ, ಮುಂದಿನ ತಿಂಗಳು ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಎಲ್ಲವನ್ನೂ ಒಬ್ಬರೇ ಹೊತ್ತರೆ ಅವರ ಮನೆಯಲ್ಲಿ ಒಂದು ಮದುವೆ ಬಂದ ದಿನ ಕೂಟ ನಿಂತುಹೋಗುತ್ತದೆ.

3. ವಾರ ನೋಡಿ, ಬಸ್ಸು ನೋಡಿ, ಆಮೇಲೆ ದಿನ ಗೊತ್ತು ಮಾಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಸೋಮವಾರ ಮತ್ತು ಗುರುವಾರ. ಆ ದಿನ ಪೇಟೆಯವರನ್ನು ಕೂಟಕ್ಕೆ ಕರೆಯಬಾರದು, ಕೂಟವನ್ನೇ ಪೇಟೆಗೆ ಒಯ್ಯುವುದಾದರೆ ಮಾತ್ರ ಆ ದಿನ ಆರಿಸಿಕೊಳ್ಳಬೇಕು. ಉಳಿದಂತೆ ತಿಂಗಳ ಒಂದು ಭಾನುವಾರ ಗಟ್ಟಿ ಮಾಡಿಕೊಳ್ಳಿ. 'ಮುಂದಿನ ದಿನಾಂಕ ತಿಳಿಸಲಾಗುವುದು' ಎಂಬ ಸಾಲು ಬಂತೆಂದರೆ ಆ ಕೂಟಕ್ಕೆ ಇನ್ನು ಜನ ಬರುವುದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಶುರು, ಮೂರೂವರೆಗೆ ಮುಗಿತಾಯ. ಹಳ್ಳಿಗೆ ವಾಪಸಾಗುವವರಿಗೆ ವಸ್ತಿ ಬಸ್ಸಿಗಿಂತ ಮುಂಚಿನ ಬಸ್ಸು ಸಿಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ, ಆದರೆ ಸಂಜೆ ಏಳರವರೆಗೆ ಎಳೆದರೆ ಆ ಅನುಕೂಲ ಇದ್ದೂ ಇಲ್ಲದಂತೆ. ಸಮಯದ ವಿಷಯದಲ್ಲಿ ಹೆಣ್ಣುಮಕ್ಕಳನ್ನೇ ಮೊದಲು ಕೇಳಿ. ಅವರಿಗೆ ಒಗ್ಗುವ ವೇಳೆ ಉಳಿದವರಿಗೂ ಒಗ್ಗುತ್ತದೆ.

4. ಜಾಗಕ್ಕೆ ಬಾಡಿಗೆ ಕೊಡಬೇಡಿ, ಪ್ರೊಜೆಕ್ಟರ್ ನಂಬಬೇಡಿ

ಕಾಲೇಜಿನ ಒಂದು ಕೋಣೆ, ಗ್ರಂಥಾಲಯದ ಒಂದು ಮೂಲೆ, ಯಾರದಾದರೂ ಅಂಗಡಿಯ ಮೇಲ್ಮಹಡಿ, ಇಷ್ಟು ಸಾಕು. ಬೇಕಾದದ್ದು ಒಂದು ಖಾಲಿ ಗೋಡೆ. ಕರೆಂಟು ಹೋದರೂ ನಡೆಯುವಂಥ ಕಾರ್ಯಕ್ರಮ ಹಾಕಿಕೊಳ್ಳಿ. ಹಳೇ ಮದುವೆ ಕಾರ್ಡುಗಳನ್ನು ಕತ್ತರಿಸಿದರೆ ಹಿಂಬದಿಯ ಬಿಳಿ ಭಾಗ ಒಳ್ಳೆಯ ಚೀಟಿಯಾಗುತ್ತದೆ. ಪ್ರತಿ ಮನೆಯಲ್ಲೂ ಒಂದು ಕಟ್ಟು ಬಿದ್ದಿರುತ್ತದೆ. ಪರದೆಯ ಚಿತ್ರ ಬರೆಯಲು, ಗೋಡೆಗೆ ಅಂಟಿಸಿ ಜೋಡಿಸಲು ಅಂಗಡಿಯಿಂದ ತರುವ ಬಣ್ಣದ ಚೀಟಿಗಿಂತ ಅದು ಗಟ್ಟಿ.

5. ವೇದಿಕೆ ಕಟ್ಟಬೇಡಿ

ನಮ್ಮ ಕಡೆ ನಾಲ್ಕು ಜನ ಸೇರಿದರೆ ಮೊದಲು ಬರುವುದು ಮೇಜಿನ ಮೇಲಿನ ಹಸಿರು ಬಟ್ಟೆ. ಅದರ ಹಿಂದೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಇವೆಲ್ಲ ಮುಗಿಯುವಷ್ಟರಲ್ಲಿ ಊಟದ ಹೊತ್ತು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಸಾಹಿತ್ಯ ಸಮ್ಮೇಳನಕ್ಕೆ ಅದೆಲ್ಲ ಶೋಭೆ, ಇಪ್ಪತ್ತು ಜನರ ಕೂಟಕ್ಕೆ ಅಲ್ಲ. ಹಾವೇರಿ ಎಂದಮೇಲೆ ಏಲಕ್ಕಿ ಮಾಲೆ ಇರಲೇಬೇಕಲ್ಲ ಎಂದು ಯಾರಾದರೂ ಹಟ ಹಿಡಿದರೆ ಚಹಾಕ್ಕೆ ಎರಡು ಏಲಕ್ಕಿ ಜಜ್ಜಿ ಹಾಕಿಸಿ.

ಬೆಂಗಳೂರಿನಲ್ಲಿ 2006ರಿಂದ ನಡೆದುಬಂದ ಬಾರ್‌ಕ್ಯಾಂಪ್‌ನ ರೀತಿ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಬಂದವರೇ ಅಂದಿನ ವಿಷಯವನ್ನು ಹಲಗೆಯ ಮೇಲೆ ಬರೆಯುತ್ತಾರೆ, ಬೇಕಾದವರು ಅದರ ಸುತ್ತ ಕೂಡುತ್ತಾರೆ, ಕೇಳಲು ಬಂದವರು ಹೇಳುವವರೂ ಆಗಬೇಕು. ಕುರ್ಚಿಗಳನ್ನು ವೃತ್ತಾಕಾರದಲ್ಲಿ ಇಡಿ. ಜಮಖಾನೆ ಹಾಸಿದರೆ ಇನ್ನೂ ಒಳ್ಳೆಯದು, ಜಮಖಾನೆಯ ಮೇಲೆ ಯಾರೂ ಅಧ್ಯಕ್ಷರಾಗಲು ಬರುವುದಿಲ್ಲ.

6. ಪುಕ್ಕಟೆಗೂ ಲೆಕ್ಕದ ಪುಸ್ತಕ ಬೇಕು

ಪ್ರವೇಶಕ್ಕೆ ದುಡ್ಡಿಲ್ಲ ಎಂದಮಾತ್ರಕ್ಕೆ ಖರ್ಚಿಲ್ಲ ಎಂದಲ್ಲ. ಮಂಡಕ್ಕಿ, ಮಿರ್ಚಿ, ಚಹಾ, ಮಾರ್ಕರ್ ಪೆನ್ನು, ಜೆರಾಕ್ಸ್. ಒಂದು ನೋಟ್‌ಬುಕ್ಕಿನಲ್ಲಿ ಯಾರು ಏನು ತಂದರು, ಎಷ್ಟು ಹಾಕಿದರು ಎಂದು ಬರೆದಿಡಿ, ಬಂದವರ ಕೈಗೆಲ್ಲ ಅದು ಸಿಗಲಿ. ಪ್ರಾಯೋಜಕರು ಬೇಡವೇ ಬೇಡ ಎನ್ನುವುದಿಲ್ಲ. ಆದರೆ ಚಹಾ ಕೊಡಿಸಿದವರಿಗೆ 'ಎರಡು ಮಾತು' ಆಡಲು ಬಿಟ್ಟರೆ ಅದು ಇಪ್ಪತ್ತು ನಿಮಿಷವಾಗುತ್ತದೆ, ಮುಂದಿನ ಸಲ ಅವರ ಬ್ಯಾನರೂ ಬರುತ್ತದೆ.

ದೊಡ್ಡ ದುಡ್ಡಿಲ್ಲದೆ ದೀರ್ಘಕಾಲ ನಡೆಸುವುದು ಹೇಗೆ ಎಂದು ಕೇಳಲು ಇದೇ ಜಿಲ್ಲೆಯಲ್ಲಿ ಜನರಿದ್ದಾರೆ. ಹಾನಗಲ್ ತಾಲ್ಲೂಕಿನ ಶೇಷಗಿರಿಗೆ ಹೋಗಿ ಬನ್ನಿ. ಸಣ್ಣ ಹಳ್ಳಿಯೊಂದು ತನ್ನದೇ ಹವ್ಯಾಸಿ ನಾಟಕ ತಂಡ ಕಟ್ಟಿ, ರಂಗಮಂದಿರವನ್ನೂ ಕಟ್ಟಿಕೊಂಡಿದೆ. ಹಗಲು ಹೊಲದಲ್ಲಿ ದುಡಿದು ರಾತ್ರಿ ತಾಲೀಮಿಗೆ ಬರುವವರ ಎದುರು 'ನಮಗೆ ಪುರುಸೊತ್ತಿಲ್ಲ' ಎಂಬ ಮಾತು ಬಾಯಿಂದ ಬರುವುದಿಲ್ಲ.

7. ಪ್ರತಿ ಕೂಟಕ್ಕೆ ಕೈಯಲ್ಲಿ ಹಿಡಿಯುವಂಥ ಒಂದು ವಸ್ತು

'ಡಿಸೈನ್ ಚಿಂತನೆ' ಎಂಬ ತಲೆಬರಹದ ಭಾಷಣ ಯಾವ ಮೊಬೈಲಿನಲ್ಲಾದರೂ ಸಿಗುತ್ತದೆ. ಅದಕ್ಕಾಗಿ ಯಾರೂ ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸು ಬದಲಿಸಬೇಕಿಲ್ಲ. ಒಂದು ಸಲಕ್ಕೆ ಒಂದೇ ವಸ್ತು ಮುಂದಿಟ್ಟುಕೊಳ್ಳಿ. ಮೂರು ಊರಿಗೂ ಒಂದೊಂದು ಹೇಳುತ್ತೇನೆ.

ಬ್ಯಾಡಗಿಗೆ ಇ-ಟೆಂಡರ್. ರಾಜ್ಯದ ಎಪಿಎಂಸಿಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ ಕರ್ನಾಟಕದಲ್ಲಿ ಶುರುವಾದದ್ದು 2014ರಲ್ಲಿ. ಕೇಂದ್ರದ ಇ-ನಾಮ್‌ಗಿಂತ ಎರಡು ವರ್ಷ ಮೊದಲು. ರೈತ ದಲಾಲರ ಅಂಗಡಿಯ ಮುಂದೆ ಚೀಲ ಇಳಿಸುತ್ತಾನೆ, ರಾಶಿಗೊಂದು ಲಾಟ್ ನಂಬರು ಬೀಳುತ್ತದೆ. ಖರೀದಿದಾರರು ಕಾಯಿ ಹಿಡಿದು, ಮುರಿದು, ಬಣ್ಣ ನೋಡಿ, ತೇವ ನೋಡಿ ದರ ಹಾಕುತ್ತಾರೆ. ಹೆಚ್ಚು ಹಾಕಿದವರಿಗೆ ಲಾಟು. ದರ ಒಪ್ಪಿಗೆಯಾಗದಿದ್ದರೆ ರೈತ ಮಾರದೆ ಉಳಿಸಿಕೊಳ್ಳಬಹುದು. ಇದರಲ್ಲಿ ಎಷ್ಟು ಪ್ರಶ್ನೆಗಳಿವೆ ನೋಡಿ. ನೂರಾರು ಲಾಟು ನೋಡುತ್ತ ಓಡುವವನು ಬಿಸಿಲಲ್ಲಿ ನಿಂತು ಹೆಬ್ಬೆರಳಿನಿಂದ ದರ ಒತ್ತುವಾಗ ಒಂದು ಸೊನ್ನೆ ಹೆಚ್ಚಾದರೆ ಪರದೆ ಅವನನ್ನು ತಡೆದು ಕೇಳಬೇಕೇ, ಅಥವಾ ಕೇಳಿ ಕೇಳಿ ಅವನ ವೇಗ ಕೆಡಿಸಬಾರದೇ? ದಬ್ಬಿ ಮತ್ತು ಕಡ್ಡಿ ತಳಿಗಳು ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದರೆ ಬೆರಳು ತಪ್ಪುವುದಿಲ್ಲವೇ? 'ದರ ಒಪ್ಪಿಗೆ ಇಲ್ಲ' ಎಂದು ಹೇಳುವ ಹಕ್ಕು ರೈತನಿಗಿದೆ ಎಂಬುದು ಎಲ್ಲಿ ಕಾಣಬೇಕು, ಚೀಟಿಯ ಮೇಲೋ, ಫಲಕದ ಮೇಲೋ, ಅವನ ಫೋನಿಗೆ ಬರುವ ಸಂದೇಶದಲ್ಲೋ?

2024ರ ಮಾರ್ಚ್ 11, ಅದೂ ಸೋಮವಾರವೇ. ದರ ಕುಸಿದ ಸಿಟ್ಟಿಗೆ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ಸಿಟ್ಟು ಬೆಲೆಯ ಮೇಲಿನದು. ಬಟನ್ನಿನ ಬಣ್ಣ ಬದಲಿಸಿದ್ದರೆ ತಪ್ಪುತ್ತಿತ್ತು ಎನ್ನುವಷ್ಟು ಸೊಕ್ಕು ನಮ್ಮ ಕಸುಬಿಗೆ ಬೇಡ. ಆದರೆ ಇಂದಿನ ದರ ತೋರಿಸುವ ಪರದೆ ಕಳೆದ ವಾರ ಎಷ್ಟಿತ್ತು, ಒಟ್ಟು ಎಷ್ಟು ಚೀಲ ಬಂದಿವೆ ಎಂಬುದನ್ನೂ ರೈತನಿಗೆ ಕಾಣುವಂತೆ ತೋರಿಸಬೇಕೇ ಎಂಬ ಚರ್ಚೆಗೆ ಒಂದು ಇಡೀ ಮಧ್ಯಾಹ್ನ ಬೇಕು.

ಹಾವೇರಿಗೆ ಪಹಣಿ. ಭೂಮಿ ಯೋಜನೆಯಲ್ಲಿ ಪಹಣಿ ಗಣಕೀಕರಣವಾಗಿ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪ್ರಿಂಟು ಸಿಗತೊಡಗಿದ್ದು 2000ದ ದಶಕದ ಆರಂಭದಲ್ಲಿ. ಜಗತ್ತಿನ ಗಮನ ಸೆಳೆದ ಆ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಸಂಗತಿ: ಕೌಂಟರಿನಲ್ಲಿ ಎರಡನೆಯ ಮಾನಿಟರ್ ಒಂದನ್ನು ರೈತನ ಕಡೆ ತಿರುಗಿಸಿ ಇಟ್ಟಿದ್ದರು. ಒಳಗೆ ಕೂತವರು ಏನು ಮಾಡುತ್ತಿದ್ದಾರೆ ಎಂಬುದು ಹೊರಗೆ ನಿಂತವನಿಗೂ ಕಾಣಲಿ ಎಂದು. ಎರಡು ದಶಕ ಕಳೆದು ಎಲ್ಲವೂ ಮೊಬೈಲಿಗೆ ಬಂದಮೇಲೆ ಆ ಎರಡನೆಯ ಮಾನಿಟರ್ ಎಲ್ಲಿ ಹೋಯಿತು? ಇವತ್ತಿನ ಯಾವ ಸೇವೆಗೆ ಅಂಥದೊಂದು ಬೇಕು? ಈ ಎರಡು ಪ್ರಶ್ನೆ ಹಾಕಿ ಕೂತರೆ ಚಹಾ ಆರಿಹೋಗುವುದು ಗ್ಯಾರಂಟಿ.

ರಾಣೆಬೆನ್ನೂರಿಗೆ ಬೀಜದ ಪಾಕೀಟು. ಊರು ಬೀಜೋದ್ಯಮಕ್ಕೆ ಹೆಸರಾದದ್ದು, ಅಂಗಡಿಯಿಂದ ಹತ್ತು ಬಗೆಯ ಖಾಲಿ ಪಾಕೀಟು ತರುವುದು ಕಷ್ಟವಲ್ಲ. ಬೀಜದ ಚೀಟಿಗೆ ಬಣ್ಣದ ನಿಯಮವೇ ಇದೆ. ತಳಿ ಅಭಿವೃದ್ಧಿಗಾರರ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ಕಂಪನಿಯೇ ಗುಣಮಟ್ಟ ಬರೆದು ಮಾರುವ ಬೀಜಕ್ಕೆ ತಿಳಿಹಸಿರು. ಅಕ್ಷರ ಬಾರದವರಿಗೂ ತಿಳಿಯಲಿ ಎನ್ನುವಂಥ ವ್ಯವಸ್ಥೆ. ಈ ಬಣ್ಣಗಳ ಅರ್ಥ ಎಷ್ಟು ಜನಕ್ಕೆ ಗೊತ್ತು ಎಂದು ಅಂಗಡಿಯ ಮುಂದೆ ನಿಂತು ಕೇಳಿ. ಆಮೇಲೆ ಅರವತ್ತು ದಾಟಿದವರ ಕೈಗೆ ಪಾಕೀಟು ಕೊಟ್ಟು, 'ಅಜ್ಜಾರ, ಇದರ ಅವಧಿ ಯಾವಾಗ ಮುಗೀತದ, ನೋಡಿ ಹೇಳ್ರಿ' ಅನ್ನಿ. ಕೈಗಡಿಯಾರ ಹಿಡಿದು ಸೆಕೆಂಡು ಎಣಿಸಿ. ಚಿನ್ನಾಟದ ಹಾಗೆ ಕಾಣುವ ಈ ಪರೀಕ್ಷೆಯ ಹಿಂದೆ ಒಂದು ಹಂಗಾಮಿನ ಬೆಳೆಯಿದೆ.

8. ಐದು ಜನ ಸಾಕು, ಯಾವ ಐದು ಎಂಬುದನ್ನು ನೋಡಿಕೊಳ್ಳಿ

ಐದು ಜನರ ಮೇಲೆ ಪರೀಕ್ಷಿಸಿದರೆ ಬಳಕೆಯ ತೊಡಕುಗಳಲ್ಲಿ ಶೇ. 85ರಷ್ಟು ಬಯಲಾಗುತ್ತವೆ ಎಂದು ಬಳಕೆಯೋಗ್ಯತಾ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದರು. ಅದನ್ನು ಕಂಠಪಾಠ ಮಾಡಿದ ನಾವು ಐದೂ ಜನ ಒಂದೇ ಬಗೆಯವರಾಗಿರಬೇಕು ಎಂಬ ಷರತ್ತನ್ನು ಮರೆಯುತ್ತೇವೆ. ಬ್ಯಾಡಗಿಯಲ್ಲಿ ರೈತ, ದಲಾಲ, ಖರೀದಿದಾರ, ಹಮಾಲ ಒಂದೇ ರಾಶಿಯನ್ನು ನಾಲ್ಕು ಕಣ್ಣಿನಿಂದ ನೋಡುತ್ತಾರೆ. ಅಲ್ಲಿಗೆ ಐದು ನಾಲ್ಕಲೆ ಇಪ್ಪತ್ತು. ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ಸೇರಿಸಿದರೆ ಇಪ್ಪತ್ತೈದು. ಕೂಟದ ಗೆಳೆಯರ ಮೇಲೆಯೇ ಪರೀಕ್ಷೆ ಮಾಡಿ ಮುಗಿಸುವುದು ಸುಲಭ. ಅದಕ್ಕೆ ಅರ್ಥವಿಲ್ಲ.

9. ಮೊದಲು ಕೇಳಿ, ಆಮೇಲೆ ಫೋಟೊ

ಪೇಟೆಗೆ ಹೋಗುವ ಮುಂಚೆ ಎಪಿಎಂಸಿಯವರಿಗೂ ಅಂಗಡಿಯವರಿಗೂ ಹೇಳಿ. ರೈತರ ಹತ್ತಿರ ಫಾರ್ಮಿಗೆ ಸಹಿ ಹಾಕಿಸಲು ಹೋದರೆ ಯಾವ ಸಾಲದ ಕಾಗದವೋ ಎಂದು ಹೆದರುತ್ತಾರೆ. ಬಾಯಿಮಾತಿನಲ್ಲಿ, ಅವರ ಮಾತಿನಲ್ಲಿ ಹೇಳಿ: 'ಕಾಕಾ, ನಾವು ಕಲಿಯಾಕ ಬಂದೇವ್ರಿ. ಸರ್ಕಾರದವರಲ್ಲ, ಕಂಪನಿಯವರಲ್ಲ. ಬ್ಯಾಡ ಅನ್ನಿಸಿದ್ರ ಅನ್ರಿ, ಹೋಗ್ತೇವಿ.' ಆಧಾರ್ ನಂಬರು, ಬ್ಯಾಂಕ್ ಸಂದೇಶ, ಹೆಸರು ಕಾಣುವ ಪಟ್ಟಿ ಫೋಟೊದಲ್ಲಿ ಬರಬಾರದು. 'ನಿಮ್ಮ ಸಮಸ್ಯೆ ಮ್ಯಾಲಿನವರಿಗೆ ಮುಟ್ಟಿಸ್ತೇವಿ' ಎಂಬ ಮಾತನ್ನು ಕೊಡಲೇಬೇಡಿ. ಮುಟ್ಟಿಸುವ ದಾರಿ ನಿಮ್ಮ ಹತ್ತಿರ ಇರುವುದಿಲ್ಲ, ಅವರು ಮಾತ್ರ ಕಾಯುತ್ತಿರುತ್ತಾರೆ. ಕೊಡಬಹುದಾದ ಮಾತು ಒಂದೇ, ಮಾಡಿದ್ದನ್ನು ತಂದು ತೋರಿಸುತ್ತೇವೆ ಎಂಬುದು. ಅದನ್ನು ತಪ್ಪಿಸಬೇಡಿ.

10. ಪರದೆಯ ಮೇಲೆ ಕನ್ನಡ ಮೊದಲು

ಎಲ್ಲ ಇಂಗ್ಲಿಷಿನಲ್ಲಿ ಮಾಡಿ ಕೊನೆಗೆ ಕನ್ನಡ ತುಂಬುವುದು ರೂಢಿ. ತುಂಬಿದ ಮೇಲೆ ಏನಾಗುತ್ತದೆ ಎಂಬುದನ್ನು ಕೂಟದಲ್ಲಿ ಗೋಡೆಗೆ ಹಾಕಿ ತೋರಿಸಿ. ಸಾಲುಗಳ ನಡುವಿನ ಜಾಗ ಇಂಗ್ಲಿಷಿನ ಅಳತೆಯದಾದ್ದರಿಂದ ಒತ್ತಕ್ಷರದ ಬಾಲ ಕತ್ತರಿಸಿ ಹೋಗಿರುತ್ತದೆ, 'ಸ್ತ್ರೀ'ಯಂಥ ಅಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಬಟನ್ನಿನೊಳಗೆ ಹಿಡಿಸದ ಪದಕ್ಕೆ ಮೂರು ಚುಕ್ಕಿ. 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬರೆದದ್ದನ್ನು ಯೂನಿಕೋಡ್ ಪುಟಕ್ಕೆ ಅಂಟಿಸಿದರಂತೂ ಯಾವ ಲೋಕದ ಲಿಪಿಯೋ ಬರುತ್ತದೆ.

ಪದಗಳ ಆಯ್ಕೆಗೆ ಒಂದು ಸರಳ ಒರೆಗಲ್ಲು: ಬಸ್ ನಿಲ್ದಾಣದಲ್ಲಿ ಹೇಳಿದರೆ ಪಕ್ಕದವರಿಗೆ ತಿಳಿಯುತ್ತದೆಯೇ? 'ಪರಿಶೀಲನಾ ಸಂಕೇತ ನಮೂದಿಸಿ' ಎಂದರೆ ತಿಳಿಯದು, 'ಫೋನಿಗೆ ಬಂದ ಓಟಿಪಿ ಹಾಕಿ' ಎಂದರೆ ತಿಳಿಯುತ್ತದೆ. ಉಚಿತ ಫಾಂಟುಗಳಿಗೆ ಈಗ ಬರವಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ 'ಹುಬ್ಬಳ್ಳಿ' ಎಂಬ ಹೆಸರಿನದೂ ಇದೆ, 'ಬೆಣ್ಣೆ' ಎಂಬುದೂ ಇದೆ. 'ಬ್ಯಾಡಗಿ' ಎಂಬುದು ನನ್ನ ಕಣ್ಣಿಗೆ ಬಿದ್ದಿಲ್ಲ. ಕೂಟದ ಯಾರಾದರೂ ಅಕ್ಷರಪ್ರಿಯರು ಕೈ ಹಾಕಬಹುದು.

11. ನೌಕರಿಯ ಮಾತು ಕೊನೆಯ ಅರ್ಧ ಗಂಟೆಗೆ

ಹುಡುಗರು ಬರುವುದೇ ನೌಕರಿಯ ಆಸೆಗೆ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಮೊದಲು ತೆಗೆದರೆ ಬೇರೆ ಮಾತು ಹುಟ್ಟುವುದಿಲ್ಲ. ಕೊನೆಗೆ ಒಬ್ಬ ಅನುಭವಿ, ಒಬ್ಬ ಹೊಸಬ, ಹದಿನೈದು ನಿಮಿಷ, ಪೋರ್ಟ್‌ಫೋಲಿಯೊ ತೆರೆದು ನೋಡುವುದು. ಆಹಾರ ತರಿಸುವ ಆ್ಯಪ್‌ನ ನಕಲು ಮಾಡಿದವರು ನೂರಾರು ಜನ. ಬೀಜದ ಪಾಕೀಟನ್ನು ಇಪ್ಪತ್ತು ರೈತರ ಕೈಲಿ ಓದಿಸಿ ಮೂರು ಸಲ ತಿದ್ದಿದವರ ಪೋರ್ಟ್‌ಫೋಲಿಯೊ ಬೆಂಗಳೂರಿನ ಯಾವ ಮೇಜಿನ ಮೇಲೂ ಬೇರೆಯಾಗಿಯೇ ಕಾಣುತ್ತದೆ.

12. ನವೆಂಬರ್ ಎರಡನೇ ಗುರುವಾರ ಬ್ಯಾಡಗಿಯಲ್ಲಿರಿ

2005ರಲ್ಲಿ ಶುರುವಾದ ವಿಶ್ವ ಬಳಕೆಯೋಗ್ಯತಾ ದಿನ ಬರುವುದು ನವೆಂಬರಿನ ಎರಡನೇ ಗುರುವಾರ. ಜಗತ್ತಿನ ಬೇರೆ ಕಡೆ ಅಂದು ಹವಾನಿಯಂತ್ರಿತ ಸಭಾಂಗಣಗಳಲ್ಲಿ ಉಪನ್ಯಾಸ ನಡೆಯುತ್ತದೆ. ಬ್ಯಾಡಗಿಗೆ ಗುರುವಾರ ಪೇಟೆಯ ದಿನ, ಇಂಥ ಕಾಕತಾಳೀಯವನ್ನು ಬಿಡಬಾರದು. ಹೊಸ ಕಾಯಿಯ ನೂಕುನುಗ್ಗಲು ಶುರುವಾಗುವುದು ಜನವರಿಯ ಹೊತ್ತಿಗೆ, ನವೆಂಬರಿನಲ್ಲಿ ಮಾತಾಡಲು ಜನರಿಗೆ ಒಂದಿಷ್ಟು ಪುರುಸೊತ್ತಿರುತ್ತದೆ.

ಬೆಳಿಗ್ಗೆ ಬೇಗ ಹೋಗಿ. ಇಬ್ಬಿಬ್ಬರ ಜೋಡಿ, ಒಬ್ಬರು ಮಾತಾಡಲು, ಒಬ್ಬರು ಬರೆದುಕೊಳ್ಳಲು. ಒಂದು ಲಾಟಿನ ಹಿಂದೆಯೇ ಚೀಲ ಇಳಿಯುವುದರಿಂದ ಹಿಡಿದು ರೈತನ ಕೈಗೆ ಪಟ್ಟಿ ಬರುವವರೆಗೆ ಇದ್ದುಬಿಡಿ, ನಡುವೆ ಅವನು ಯಾರ ಯಾರ ಪರದೆಯತ್ತ ಎಷ್ಟು ಸಲ ಕತ್ತು ಚಾಚಿದ ಎಂದು ಎಣಿಸಿ. ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ, ಮದುವೆ ಕಾರ್ಡಿನ ಚೀಟಿಗಳನ್ನು ಹರವಿಕೊಂಡು ಕೂಡಿ. ಘಾಟು ಅಡರಿ ಕೆಮ್ಮು ಬರುತ್ತದೆ, ದೊಡ್ಡದೊಂದು ಟವೆಲು ಇರಲಿ. ಕಾಯಿ ಮುಟ್ಟಿದ ಕೈಯಿಂದ ಕಣ್ಣು ಮಾತ್ರ ಉಜ್ಜಿಕೊಳ್ಳಬೇಡಿ.